ನೂರಿಪ್ಪತ್ತು ಲೀಟರ್ ಕಡಲು

ಮಂಡ್ಯದ ವಿ.ವಿ. ರಸ್ತೆ, ಹಲ್ಲಿನ ದವಾಖಾನೆ.
ಇಲ್ಲಿ ಶನಿವಾರ ಶನಿವಾರ
ನಾನೊಂದು ಬಕೆಟ್ಟು ಸಮುದ್ರ ಕಲಸುತ್ತೇನೆ.
ಹಳೇ ದೋಸೆ ಸೌಟು,
ಫಿಲ್ಟರಿಗೆ ಕೊಟ್ಟು ಕ್ಲೋರಿನ್ ಕಳೆದ ಕಾವೇರಿ,
ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು,
ಅಡುಗೆಯದಲ್ಲ, ಡಬ್ಬಿಯಲ್ಲಿ ಬರುವ ದುಬಾರಿಯದು.
ಎಲ್ಲೋ ಪೂರ್ವಕ್ಕೆ ಹರಿದು ಹೋಗಿ ಆಗಬೇಕಾದದ್ದು
ಇಲ್ಲೇ ಬಚ್ಚಲ ಪಕ್ಕ ಆಗಿಬಿಡುತ್ತದೆ.

ಹೊರಗೆ ಕಬ್ಬಿನ ಲಾರಿ. ಕಾರ್ಖಾನೆ ಅರೆಯತೊಡಗಿದರೆ
ಊರಿಗೂರೇ ಕಾಕಂಬಿ ವಾಸನೆ.
ಒಳಗೆ, ಸಿಹಿಗೆ ಹುಳುಕಾದ ದವಡೆಗಳು
ಬೆಂಚಿನ ಮೇಲೆ ಸಾಲಾಗಿ ಕೂತು
ಕಿತ್ತಳೆ ಮೀನು ನೋಡುತ್ತವೆ.

ಕಸ ಗುಡಿಸುವ ನಿಂಗಾಜಮ್ಮ ಕಡಲು ಕಂಡವಳಲ್ಲ.
ಬೆರಳದ್ದಿ ನಾಲಿಗೆಗಿಟ್ಟು,
"ಥೂ, ಉಪ್ಪಿನಕಾಯಿ ಜಾಡಿ ತೊಳ್ದಂಗದೆ" ಅಂದಿದ್ದಳು.
ನಾನು ಹದಿನೈದು ದಿನ ರಜೆ ಹೋದಾಗ
ನೀರು ಇಳಿಯಿತೆಂದು, ಪಾಪ,
ಕಲಸಿಟ್ಟ ಉಪ್ಪುನೀರನ್ನೇ ದಿನಾ ಒಂದು ಚೊಂಬು ಸುರಿದಳು.
ಬಂದು ನೋಡಿದರೆ ಅಳತೆಯ ಮುಳ್ಳು ಗೆರೆ ದಾಟಿದೆ,
ಪಟ್ಟೆ ಸಿಗಡಿ ಕಲ್ಲಿನ ಸಂದಿಯಲ್ಲಿ ಮಗುಚಿದೆ.
ಹಾರುವುದು ನೀರು ನಿಂಗಾಜಮ್ಮ, ಉಪ್ಪು ಹಾರಲ್ಲ,
ಇಳಿದಷ್ಟೂ ಸಪ್ಪೆ ನೀರೇ ಹಾಕಬೇಕು ಎಂದೆ.
ಪೊರಕೆ ಮೂಲೆಗಿಟ್ಟು ಯೋಚಿಸಿದಳು.
"ಅದ್ಕೆ ಇಷ್ಟೊಂದ್ ಹೇಳ್ಬೇಕಾ?
ಉಪ್ಪು ತಿಂದದ್ದು ನೀರ್ ಕುಡೀಲೇಬೇಕಲ್ವಾ."

ಅಂದಿನಿಂದ ಗಾಜಿನ ಮೇಲೆ ಅವಳದೊಂದು ಕೆಂಪು ಗೆರೆ,
ಮೊಮ್ಮಗಳ ಉಗುರುಬಣ್ಣದ್ದು.
ಕೂದಲೆಳೆ ಇಳಿದರೂ ಸಪ್ಪೆ ಚೊಂಬು ಬರುತ್ತದೆ.
ಟೆಸ್ಟ್ ಟ್ಯೂಬನ್ನೂ ಅವಳೇ ಬೆಳಕಿಗೆ ಹಿಡಿಯುತ್ತಾಳೆ.
ನನ್ನ ಚಾರ್ಟಿನಲ್ಲಿ ನೈಟ್ರೇಟು ಐದು, ಹತ್ತು, ನಲವತ್ತು;
ಅವಳಿಗೆ ನಿಂಬೆ, ಅರಿಸಿನ, ಬೆಲ್ಲ.
ಬೆಲ್ಲ ಬಂದ ದಿನ ಮೀನಿಗೆ ಉಪವಾಸ, ನನಗೆ ಬೈಗುಳ:
"ಯಾರವ್ವ ಇಷ್ಟೊಂದ್ ತಿನ್ಸಿದ್ದು?"

ಮೇ ತಿಂಗಳ ಒಂದು ಸಂಜೆ ಗಾಳಿಗೆ ಕಂಬ ಬಿತ್ತು.
ಪಂಪು ನಿಂತಿತು. ಬ್ಯಾಟರಿ ಒಂಬತ್ತರವರೆಗೆ ಬಂತು.
ನಾನು ಮದ್ದೂರಿನ ಮದುವೆಮನೆಯಲ್ಲಿ, ಫೋನು ಸತ್ತು.
ಬೆಳಿಗ್ಗೆ ಬಾಗಿಲು ತಳ್ಳಿದರೆ
ಸ್ಟೂಲಿನ ಮೇಲೆ ಅವಳು, ಒದ್ದೆ ಸೆರಗು,
ಚೊಂಬಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತ,
ಎತ್ತಿ ಸುರಿಯುತ್ತ,
ಕಾಫಿ ಆರಿಸುವ ಹಾಗೆ.

ಎರಡೂ ಮೀನು ಇದ್ದವು.
ಎಷ್ಟು ಹೊತ್ತಿಂದ ಎಂದರೆ ಹೇಳಲಿಲ್ಲ.
ಮೊಣಕೈವರೆಗೂ ಬಿಳಿ, ಒಣಗಿದ ಉಪ್ಪು.
ಕೈ ತೊಳ್ಕೊಳಮ್ಮ ಎಂದೆ.
"ಇರವ್ವ, ನೀರ್ ಇಳ್ದದೆ" ಎಂದು
ಸಪ್ಪೆ ಬಕೆಟ್ಟಿನ ಕಡೆ ಹೋದಳು.