ಬಕೆಟ್ಟಿನಲ್ಲಿ ಮುಖ

ಊರಿನ ಹೆಸರು ಸಾಗರ. ಕಡಲು ಘಟ್ಟದ ಕೆಳಗೆ.
ಆದರೂ ಇವತ್ತು ಲ್ಯಾಬಿನಲ್ಲಿ ತಿಮಿಂಗಿಲದ ಪಾಠ:
ಒಂದು ಬಕೆಟ್ಟು ಬಾವಿನೀರು,
ಮೀನಂಗಡಿಯಿಂದ ತಂದ ಎರಡು ಹೆಂಟೆ ಐಸು.

ಹಿನ್ನೀರಲ್ಲಿ ಮುಳುಗಿ ಕಳೆದ ಬಲೆ, ಒಮ್ಮೊಮ್ಮೆ ಹೆಣ,
ಎತ್ತಿ ಕೊಡುವ ಬಸ್ತ್ಯಾಂವನನ್ನು ಕರೆಸಿದ್ದೇನೆ.
‘ಅಂಗಿ ಬಿಚ್ಚಲಾ, ಮೇಡಂ?’
ಬೇಡ. ಮುಖ ಸಾಕು.

ಅದ್ದಿದ.
ಮಣಿಕಟ್ಟು ಹಿಡಿದು ಪ್ರಫುಲ್ಲಾ ಎಣಿಸುತ್ತಾಳೆ:
ಎಪ್ಪತ್ತಾರು. ಅರವತ್ತು.
‘ಇಳೀತಾ ಇದೆ, ಮೇಡಂ!’

ನಾನು ಬೋರ್ಡಿನ ಕಡೆ ತಿರುಗಿ ಹೇಳುತ್ತೇನೆ:
ಆಳದಲ್ಲಿ ನೀಲಿ ತಿಮಿಂಗಿಲದ ಎದೆ
ನಿಮಿಷಕ್ಕೆ ಎರಡೇ ಸಲ ಬಡಿದದ್ದುಂಟು.
ಶ್ವಾಸಕೋಶ ಹಿಂಡಿದ ಬಟ್ಟೆಯಂತೆ ಮುದುರುತ್ತದೆ,
ಉಸಿರಿನ ಬುತ್ತಿಯೋ ಮಾಂಸದಲ್ಲೇ ಕಟ್ಟಿರುತ್ತದೆ,
ಅದಕ್ಕೇ ಆ ಮಾಂಸ ಅಷ್ಟು ಕಪ್ಪು.
ನಮ್ಮದು ಬರೀ ಗುಲಾಬಿ.

ಸೀಮೆಸುಣ್ಣ ಮುರಿಯಿತು.
ಹಿಂದೆ ಯಾರೂ ಉಸಿರಾಡುತ್ತಿಲ್ಲ.
ನಲವತ್ತೆಂಟು. ನಲವತ್ತೊಂದು.
ಬಸ್ತ್ಯಾಂವ ಇನ್ನೂ ಎದ್ದಿಲ್ಲ.

ಹೆಗಲು ತಟ್ಟಿದೆ.
ಮೀಸೆಯಿಂದ ನೀರು ಸುರಿಸುತ್ತ ಎದ್ದವನು
ಪ್ರಫುಲ್ಲಾಳ ನೋಟ್‌ಬುಕ್ಕಿಗೆ ಬಗ್ಗಿ ಅಂಕಿ ನೋಡಿದ.

‘ಅಲ್ಲಿ ಕೆಳಗೆ ನಮ್ಮಪ್ಪ ಓದಿದ ಶಾಲೆ ಉಂಟು.
ಮೆಟ್ಟಿಲು ಮುಟ್ಟಿ ಬರೋದಕ್ಕೆ ಇಷ್ಟು ಸಾಕು.
ಒಳಗೆ ಹೋಗ್ಬೇಕಂದ್ರೆ
ಇನ್ನೂ ಇಳೀಬೇಕು, ಮೇಡಂ.’