ಹೊಗೆಗೆ ಬಾರದ ಕಟ್ಟಿಗೆ

ಮೊದಲು ಕೈಯಲ್ಲಿ ಹಿಡಿ, ರೆಯ್ನಿಸ್. ಕಣ್ಣು ಆಮೇಲೆ.
ಎರಡು ತುಂಡು ಒಂದಕ್ಕೊಂದು ತಾಕಿಸು.
ಠಣ್ ಅಂದರೆ ತೀರಾ ಒಣಗಿದೆ,
ಭಗ್ಗನೆ ಉರಿದು ಮೀನು ಬೇಯುತ್ತದೆ, ಅಷ್ಟೇ.
ದಪ್ ಅಂದರೆ ಇನ್ನೂ ಹಸಿ; ಬರುವುದು ಹೊಗೆಯಲ್ಲ, ಹಬೆ.
ನಡುವೆ ಒಂದು ಸದ್ದಿದೆ,
ಮುದುಕನೊಬ್ಬ ಗಂಟಲು ಸರಿಮಾಡಿಕೊಂಡ ಹಾಗೆ.
ಅದು ಬೇಕು.

ಇದು ಆಲ್ಡರ್, ಜೌಗಿನಂಚಿನ ಮರ.
ಕಡಿದ ಗಳಿಗೆಯಲ್ಲಿ ಬಿಳಿ,
ನೀನು ಬುತ್ತಿ ಬಿಚ್ಚುವಷ್ಟರಲ್ಲಿ ಕೆಂಪು, ಕೊಯ್ದ ಬೆರಳಿನಂತೆ.
ಕೊಡಲಿ ಎತ್ತುವ ಮುಂಚೆ ನನ್ನತ್ತೆ ಕ್ಷಮೆ ಕೇಳುತ್ತಿದ್ದಳು.
ನಾನು ಕೇಳುವುದಿಲ್ಲ. ತೊಗಟೆ ಮಾತ್ರ ಪೂರ್ತಿ ಸುಲಿಯುತ್ತೇನೆ;
ಚೂರು ಉಳಿದರೂ ಮೀನಿನ ಬೆನ್ನು ಕಹಿ.

ಬರ್ಚ್ ಬೇಡ, ಮಸಿ ಕಕ್ಕುತ್ತದೆ.
ಪೈನಂತೂ ಬೇಡವೇ ಬೇಡ.
ಕೊಲ್ಕದ ತುದಿಯವರೆಗೂ ಪೈನೇ ಪೈನು,
ಬಾಗಿಲು ಪೈನು, ತೊಟ್ಟಿಲು ಪೈನು, ಶವಪೆಟ್ಟಿಗೆಯೂ ಪೈನು,
ಆದರೆ ಮೀನಿಗೆ ಹಾಕಿದರೆ
ಮೂರು ದಿನ ನಾಲಗೆಯಲ್ಲಿ ಟರ್ಪೆಂಟೈನ್.
ಸೇಬಿನ ಮರ ಸಿಕ್ಕರೆ ಸೈ.
ಪಾದ್ರಿಯ ತೋಟದಲ್ಲಿ ಹೋದ ಚಳಿಗೆ ಸತ್ತದ್ದೊಂದಿದೆ,
ಕೇಳಬೇಕು. ಕೇಳಿದರೆ ಅವರು ಹಾವುಮೀನು ಕೇಳುತ್ತಾರೆ.
ಕೊನೆಯ ಕಾಲು ಗಂಟೆಗೆ ಜೂನಿಪರ್, ಒಂದೇ ಕಡ್ಡಿ;
ಎರಡಾದರೆ ಅದು ಮೀನಲ್ಲ, ಔಷಧಿ.

ನಿನ್ನೆ ಸಂಜೆ ಜ್ಯಾನಿಸ್ ಬಂದಿದ್ದ.
ತಳ್ಳುಗಾಡಿಯ ತುಂಬ ಹಲಗೆ, ಮೇಲೆ ಟಾರ್ಪಾಲು.
ಹದಿನೆಂಟು ವರ್ಷ ಕೊಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದನಂತೆ
ತನ್ನ ದೋಣಿಯನ್ನ.
ದೋಣಿಗಳು ಹೆಚ್ಚಾದುವು ಅಂತ ಕಚೇರಿಯವರು ಹಣ ಕೊಟ್ಟರು,
ಗರಗಸವನ್ನೂ ಅವರೇ ತಂದರು,
ಕತ್ತರಿಸಿ ಮುಗಿದ ಮೇಲೆ ಫೋಟೋ, ಆಮೇಲೆ ರುಜು.
ಅದರಲ್ಲಿ ಇಷ್ಟನ್ನು ರಾತ್ರಿ ಕದ್ದು ತಂದಿದ್ದ.
‘ಓಕ್, ವೆಲ್ಟಾ. ನಮ್ಮಪ್ಪ ನಿಂತು ಆರಿಸಿದ್ದು.
ಹೊಗೆಗೆ ಓಕ್ ಒಳ್ಳೆಯದಲ್ಲವಾ?’

ಓಕ್ ಒಳ್ಳೆಯದೇ.
ಒಂದು ಹಲಗೆ ಎತ್ತಿ ಮೂಸಿದೆ. ಟಾರು.
ಉಗುರಿನಿಂದ ಕೆರೆದೆ. ಹಸಿರು ಬಣ್ಣ, ಹಸಿರಿನಡಿ ನೀಲಿ,
ನೀಲಿಯಡಿ ಮತ್ತೆ ಟಾರು, ಮರದೊಳಗೆ ಇಳಿದ ಡೀಸೆಲ್,
ಮೊಳೆ ಇದ್ದಲ್ಲೆಲ್ಲ ಕಪ್ಪು ಉಂಗುರ.
ನಲವತ್ತು ವರ್ಷ ಮೀನು ಹೊತ್ತ ಮರ,
ಒಂದೇ ಒಂದು ಮೀನಿಗೆ ಹೊಗೆ ಕೊಡಲಾರದು.
ಅದನ್ನ ಹೇಗೆ ಹೇಳುವುದು?
‘ವಿಷ, ಜ್ಯಾನಿಸ್,’ ಅಂದೆ.
ತಲೆಯಾಡಿಸಿದ, ಗೊತ್ತಿದ್ದೇ ಬಂದವನಂತೆ.
ಗಾಡಿ ಅಲ್ಲೇ ಬಿಟ್ಟು ಮನೆಗೆ ಹೋದ.

ಸಾಕು, ಈಗ ಕೆಂಡಕ್ಕೆ ಎರಡು ತುಂಡು ಇಡು. ಬಾಗಿಲು ಹಾಕು.
ಹೊಗೆ ಬಿಳಿ ಬಂದರೆ ತುಸು ತೆರೆ,
ನೀಲಿ ಬಂದರೆ ಏನೂ ಮಾಡಬೇಡ.
ಎರಡು ತಾಸು ಕಾಯಬೇಕು.
ಅಗೋ, ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟಿದ್ದೇನಲ್ಲ ಹಲಗೆ,
ಅಲ್ಲಿ ಕೂತಿರು.
ಜ್ಯಾನಿಸ್ ಬಂದರೆ ಸರಿದು ಜಾಗ ಕೊಡು.
ಬಿಸಿಲಿಗೆ ಪ್ಯಾಂಟಿಗೆ ಟಾರು ಹತ್ತುತ್ತದೆ.
ಹತ್ತಲಿ.