ಸುತ್ತಿ ಬಂದ ಕೂಗು

ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಇಪ್ಪತ್ತೆರಡು ವರ್ಷ
ಹರಾಜು ಕೂಗಿದವನು ನಾನು, ಮುನಿಶಾಮಿ.
ಒಂದ್ಸಾರಿ, ಎರಡ್ಸಾರಿ, ನಡುವೆ ಎಷ್ಟು ನಿಲ್ಲಬೇಕು
ಯಾರೂ ಕಲಿಸಲಿಲ್ಲ.
ಎದೆ ಎಣಿಸುತ್ತಿತ್ತು, ಬಾಯಿ ಕೂಗುತ್ತಿತ್ತು.

ಆಷಾಢದ ಒಂದು ಬೆಳಗ್ಗೆ
ಬಾಕ್ಸು ಇನ್ನೂರ ಎಂಬತ್ತಕ್ಕೆ ನಿಂತಿತ್ತು.
ಒಂದ್ಸಾರಿ ಅಂದೆ.
ಎರಡ್ಸಾರಿ ಬರುವ ಮೊದಲೇ ಒಳಗೆ ಯಾರೋ
ಐದ್ಸಾರಿ, ಏಳ್ಸಾರಿ, ಆಮೇಲೆ ಏನೂ ಇಲ್ಲ,
ಆಮೇಲೆ ಮತ್ತೆ ಮೂರು.
ಚಿಂತಾಮಣಿ ಕಡೆಯ ವ್ಯಾಪಾರಿ ನಕ್ಕ:
‘ಏನಣ್ಣಾ, ಲೆಕ್ಕ ಮರೆತೆಯಾ?’

ಟಮಕದ ಆಸ್ಪತ್ರೆಯಲ್ಲಿ ನಸೀಬುನ್ನೀಸಾ ಎಂಬ ಹುಡುಗಿ
ತಣ್ಣನೆ ಜೆಲ್ಲು ಹಚ್ಚಿ ಎದೆಗೆ ಆರು ಬಟ್ಟಲು ಅಂಟಿಸಿದಳು.
ಕಾಗದ ಹರಿದು ಬಂತು.
ಗೀಟಿಗೂ ಗೀಟಿಗೂ ನಡುವಿನ ಜಾಗ ಒಂದರಂತೆ ಒಂದಿಲ್ಲ.
ದೊಡ್ಡ ಗೀಟಿನ ಮುಂಚೆ ಇರಬೇಕಾದ ಸಣ್ಣ ಗುಬ್ಬು ಎಲ್ಲೂ ಇಲ್ಲ.
ಅಲ್ಲಿ ಬರೀ
ಗಾಳಿಗೆ ನಡುಗುವ ಕೆರೆಯಂಚು.

‘ಮೇಲಿನ ಕೋಣೆಯಲ್ಲಿ ಕೂಗುವವನು ಒಬ್ಬನೇ,’ ಅಂದರು ಡಾಕ್ಟರಮ್ಮ.
‘ಅವನ ಕೂಗು ಗೋಡೆ ಮುಟ್ಟಿ ಸಾಯಬೇಕು.
ನಿಮ್ಮಲ್ಲಿ ಸಾಯ್ತಾ ಇಲ್ಲ.’

ನನಗೆ ಗೊತ್ತಿತ್ತು ಅದು.
ಒಂದು ಸಲ ಮಂಡಿಯ ನಡುವೆ
ಕೊಳೆತ ಮಾಲಿನ ಬಾಕ್ಸುಗಳು ಗೋಡೆಯಾಗಿ ನಿಂತಿದ್ದವು.
ಈ ಕಡೆ ಯಾರೋ ಕೂಗಿದ ‘ಮುನ್ನೂರು’
ಬಾಯಿಂದ ಬಾಯಿಗೆ, ಹಮಾಲಿ ಬೀಡಿ ಹಚ್ಚುವಷ್ಟು ನಿಧಾನಕ್ಕೆ
ಗೋಡೆ ಸುತ್ತಿ
ಆ ಕಡೆಯಿಂದ ಹೊಸ ಕೂಗಾಗಿ ಬಂತು.
ಅಷ್ಟರಲ್ಲಿ ಮೊದಲು ಕೂಗಿದವರು
ಉಸಿರು ತಗೊಂಡು, ಕಿವಿ ತೆರೆದು, ಸಿದ್ಧರಾಗಿದ್ದರು.
ಮತ್ತೆ ಕೂಗಿದರು.
ಯಾರೂ ಏರಿಸಲಿಲ್ಲ, ಯಾರೂ ಕೊಳ್ಳಲಿಲ್ಲ,
ತನ್ನ ಬಾಲ ತಾನೇ ಅಟ್ಟುತ್ತ ಒಂದು ಬೆಲೆ
ಮಧ್ಯಾಹ್ನದ ತನಕ ಓಡಿತು.
ಹಣ್ಣು ಬಿಸಿಲಿಗೆ ಬೆವರಿ ತಳದಲ್ಲಿ ರಸ ನಿಂತಿತು.

‘ರಕ್ತವೂ ಹಾಗೇ ನಿಲ್ಲುತ್ತೆ, ಹೆಪ್ಪುಗಟ್ಟುತ್ತೆ.
ಮಾತ್ರೆ ತಪ್ಪಿಸಬೇಡಿ.’

ಆ ಕೊಳೆತ ಗೋಡೆ ನನ್ನೊಳಗೆ ಯಾವಾಗ ಎದ್ದಿತು?
ಹತ್ತು ವರ್ಷದ ಬಿಪಿ, ಕೂಗಿ ಕೂಗಿ ಉಬ್ಬಿದ ಎದೆ,
ಇರಬಹುದು.
ಓಡಿದಷ್ಟೂ ದಾರಿ ಸವೆಯುತ್ತದಂತೆ,
ಸವೆದಷ್ಟೂ ಓಟ ಸಲೀಸಂತೆ.
ಕೆಳಗಿನ ಬಾಗಿಲಲ್ಲಿ ಮಾತ್ರ ಒಬ್ಬ ಕಾವಲುಗಾರ,
ನಿಮಿಷಕ್ಕೆ ಬರುವ ನಾನೂರು ಕೂಗಲ್ಲಿ
ತೋಚಿದ ನೂರೈವತ್ತನ್ನು ಒಳಬಿಟ್ಟು
ನನ್ನನ್ನು ಬದುಕಿಸಿಕೊಂಡಿದ್ದಾನೆ. ಅವನ ಹೆಸರು ಕೇಳಿ ಮರೆತೆ.

‘ಕರೆಂಟು ಕೊಡ್ತೀವಿ, ಒಂದೇ ಏಟು.
ಎಲ್ಲ ಬಾಯಿ ಒಟ್ಟಿಗೆ ಮುಚ್ಚಬೇಕು.’
ಹೆಂಡತಿ ಪಾಪಮ್ಮ ಸೆರಗು ಹಿಡಿದೇ ಕೇಳಿದಳು:
‘ಮುಚ್ಚಿದ ಮೇಲೆ ಮೊದಲು ಯಾರು ಕೂಗ್ತಾರೆ?’
‘ಅವನೇ,’ ಅಂದರು. ಆಮೇಲೆ ಕನ್ನಡಕ ಒರೆಸಿಕೊಂಡು,
‘ಹೆಚ್ಚಾಗಿ.’

ಸೂಜಿ ಚುಚ್ಚಿದವರು ಎಣಿಸಿ ಅಂದರು.
ನನಗೆ ಬರುವುದು ಒಂದೇ ಎಣಿಕೆ.
ಒಂದ್ಸಾರಿ,

ಎಚ್ಚರವಾದಾಗ ನಸೀಬುನ್ನೀಸಾ
ಕಾಗದ ಹಿಡಿದು ಕಿಟಕಿ ಹತ್ತಿರ ನಿಂತಿದ್ದಳು.
ಗುಬ್ಬು ಇರಬೇಕಾದ ಜಾಗದ ಮೇಲೆ
ಅವಳ ಹೆಬ್ಬೆರಳಿತ್ತು.